ಮಗಳೊಡನೆ ತಿರುವನಂತಪುರದ ಚಿತ್ರೋತ್ಸವದಲ್ಲಿ

‘ಸಿನಿಮಾ ನೋಡಾಕ ಅಷ್ಟು ದೂರ ಹೋಗಬೇಕೇನ್ರಿ ಸರ? ಧಾರವಾಡದಾಗ ಟಾಕೀಜ್ ಇಲ್ಲೇನು?’

ನಮ್ಮ ಓಣಿಯ ಹಿರಿಯರೊಬ್ಬರು ಕೇಳಿದ ಈ ಪ್ರಶ್ನೆಗೆ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಅದು 2022ರ ಡಿಸೆಂಬರ್ ತಿಂಗಳು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದ ಮಗಳನ್ನು ಕರೆದುಕೊಂಡು ಕೇರಳದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಹೊರಟಿದ್ದೆ. ಕಾಲೇಜಿನಲ್ಲಿ ಕಿರುಪರೀಕ್ಷೆಗಳು ಹತ್ತಿರದಲ್ಲಿದ್ದವು. ಮನೆಯಲ್ಲಿ ಹೆಂಡತಿಯ ಮುಖವೂ ಅಷ್ಟೇನೂ ಪ್ರಸನ್ನವಾಗಿರಲಿಲ್ಲ. ಅಪ್ಪ ಮಗಳು ಇಬ್ಬರೂ ಕೂಡಿ ಮಾಡುವ ಕೆಲಸವೇ ಇದು ಎಂದು ಅವಳು ಅವಲಕ್ಕಿ ಡಬ್ಬಿ ಕೈಗಿಟ್ಟು ಕಳಿಸಿದಳು.

ಬೆಂಗಳೂರಿನಿಂದ ರಾತ್ರಿ ಹೊರಡುವ ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಬೆಳಗಾಗುವ ಹೊತ್ತಿಗೆ ಪಾಲಕ್ಕಾಡು ದಾಟುತ್ತದೆ. ಅಲ್ಲಿಂದ ಮುಂದೆ ತ್ರಿಶ್ಶೂರು, ಎರ್ನಾಕುಳಂ, ಕೊಟ್ಟಾಯಂ, ಕೊಲ್ಲಂ. ಕಿಟಕಿಯ ಹೊರಗೆ ಹೊಳೆ, ಹಿನ್ನೀರು, ಕೆರೆ, ಮನೆಗೊಂದು ಬಾವಿ. ಬಯಲುಸೀಮೆಯವರ ಕಣ್ಣಿಗೆ ಇದೊಂದು ತರಹದ ಹೊಟ್ಟೆಕಿಚ್ಚಿನ ದೃಶ್ಯ. ‘ಅಜ್ಜ ಇದನ್ನ ನೋಡಬೇಕಿತ್ತು ಅಪ್ಪಾ’ ಎಂದಳು ಮಗಳು. ನನ್ನ ತಂದೆ ತಾಯಿ ಇರುವುದು ಕುಷ್ಟಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಲ್ಲಿ. ಹೊಲದ ಬಾವಿ ಬತ್ತಿ ಎಂಟು ವರ್ಷವಾಗಿತ್ತು. ಎಂಬತ್ತು ದಾಟಿದ ಅಪ್ಪ ದಿನಾ ಬೆಳಿಗ್ಗೆ ಹೋಗಿ ಅದರೊಳಗೆ ಇಣುಕಿ ನೋಡಿ ಬರುತ್ತಿದ್ದರು. ಧಾರವಾಡಕ್ಕೆ ಬನ್ನಿ ಎಂದರೆ ಮಾತ್ರ ಬರುತ್ತಿರಲಿಲ್ಲ. ಮಗಳ ಮಾತಿಗೆ ನಾನು ಹೂಂ ಎಂದು ಸುಮ್ಮನಾದೆ.

ಊರೇ ಒಂದು ಟಾಕೀಸು

ಮಧ್ಯಾಹ್ನ ತಂಪಾನೂರಿನಲ್ಲಿ ಇಳಿದೆವು. ಎದುರಿಗೇ ಬಸ್ ನಿಲ್ದಾಣ. ಅದರ ಪಕ್ಕದಲ್ಲಿ ಕೆಂಪು ಇಟ್ಟಿಗೆಯ, ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು ಮೇಲೇರುವ ಇಂಡಿಯನ್ ಕಾಫಿ ಹೌಸ್. ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ್ದು. ಒಳಗೆ ನೆಲವೇ ಇಳಿಜಾರು; ಇಳಿಜಾರಿನ ಉದ್ದಕ್ಕೂ ಗೋಡೆಗೆ ಸೇರಿಸಿ ಕಟ್ಟಿದ ಮೇಜು ಬೆಂಚುಗಳು. ಮಸಾಲೆ ದೋಸೆಯ ಪಲ್ಯದಲ್ಲಿ ಬೀಟ್‌ರೂಟ್ ಕಂಡು ಮಗಳು ಹುಬ್ಬೇರಿಸಿದಳು. ಮುಂದಿನ ನಾಲ್ಕು ದಿನವೂ ಅದನ್ನೇ ತಿಂದಳು.

ಈ ಚಿತ್ರೋತ್ಸವ ಮೊದಲು ನಡೆದದ್ದು 1996ರಲ್ಲಿ, ಕೋಳಿಕ್ಕೋಡಿನಲ್ಲಿ. ಈಗ ರಾಜ್ಯ ಚಲಚ್ಚಿತ್ರ ಅಕಾಡೆಮಿ ತಿರುವನಂತಪುರದಲ್ಲಿ ಅದನ್ನು ನಡೆಸುತ್ತದೆ. ನಾವು ಹೋದದ್ದು ಇಪ್ಪತ್ತೇಳನೆಯದಕ್ಕೆ. ಹದಿನಾಲ್ಕು ಚಿತ್ರಮಂದಿರಗಳಲ್ಲಿ ಎಂಟು ದಿನ, 180ಕ್ಕೂ ಹೆಚ್ಚು ಚಿತ್ರಗಳು. ವಿದ್ಯಾರ್ಥಿಗಳಿಗೆ ಅರ್ಧ ಶುಲ್ಕ. ಟ್ಯಾಗೋರ್ ಥಿಯೇಟರಿನ ಅಂಗಳದಲ್ಲಿ ಪಾಸು, ಚೀಲ, ಚಿತ್ರಗಳ ಪರಿಚಯದ ದಪ್ಪ ಪುಸ್ತಕ ಪಡೆದು ಕೊರಳಿಗೆ ಪಾಸು ಹಾಕಿಕೊಂಡ ಕೂಡಲೇ ಊರಿನವರು ನಮ್ಮನ್ನು ಬೇರೆ ರೀತಿ ನೋಡತೊಡಗಿದರು. ಆಟೋದವರು ‘ಇವತ್ತು ಯಾವುದು ಚೆನ್ನಾಗಿತ್ತು?’ ಎಂದು ಕೇಳುತ್ತಿದ್ದರು. ಅವರ ಮಲಯಾಳಂ, ನಮ್ಮ ಕನ್ನಡ, ನಡುವೆ ಅರ್ಧಂಬರ್ಧ ಇಂಗ್ಲಿಷು. ಸಂಭಾಷಣೆಗೆ ಅಷ್ಟು ಸಾಕಾಗುತ್ತಿತ್ತು.

ಇಂಥ ಪ್ರೇಕ್ಷಕರು ಒಂದೇ ದಿನದಲ್ಲಿ ಹುಟ್ಟಿದವರಲ್ಲ. ಅಡೂರು ಗೋಪಾಲಕೃಷ್ಣನ್ ಮತ್ತು ಗೆಳೆಯರು ಇದೇ ಊರಿನಲ್ಲಿ 1965ರಲ್ಲಿ ಚಿತ್ರಲೇಖಾ ಫಿಲ್ಮ್ ಸೊಸೈಟಿ ಕಟ್ಟಿದರು. ಜಾನ್ ಅಬ್ರಹಾಂ ಅವರ 1986ರ ‘ಅಮ್ಮ ಅರಿಯಾನ್’ ಚಿತ್ರ ಊರೂರು ತಿರುಗಿ ಜನರಿಂದಲೇ ಕೂಡಿಸಿದ ಹಣದಿಂದ ತಯಾರಾಯಿತು. ನಮ್ಮಲ್ಲಿಯೂ ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಆರಂಭಿಸಿ ಜಗತ್ತಿನ ಒಳ್ಳೆಯ ಚಿತ್ರಗಳನ್ನು ರೈತರಿಗೆ ತೋರಿಸಿತಲ್ಲ! ಆ ಬೀಜ ಇಲ್ಲಿ ಊರ ತುಂಬ ಬೆಳೆದಿದೆ ಎನ್ನಿಸಿತು.

ಒಂದು ಜಡೆ ಕೂದಲು

ಉದ್ಘಾಟನೆ ಡಿಸೆಂಬರ್ 9ರ ಸಂಜೆ ಕನಕಕ್ಕುನ್ನು ಅರಮನೆ ಆವರಣದ ನಿಶಾಗಂಧಿ ಬಯಲು ರಂಗಮಂದಿರದಲ್ಲಿ. ಇರಾನಿನ ನಿರ್ದೇಶಕಿ ಮಹನಾಜ್ ಮೊಹಮ್ಮದಿ ಅವರಿಗೆ ‘ಸ್ಪಿರಿಟ್ ಆಫ್ ಸಿನಿಮಾ’ ಪ್ರಶಸ್ತಿ. ಆದರೆ ಅವರು ದೇಶ ಬಿಟ್ಟು ಬರುವಂತಿರಲಿಲ್ಲ. ಬದಲಿಗೆ ತಮ್ಮ ಕೂದಲನ್ನೇ ಕತ್ತರಿಸಿ ಕಳಿಸಿದ್ದರು. ಗ್ರೀಸ್ ದೇಶದ ನಿರ್ದೇಶಕಿ ಅಥಿನಾ ರೇಚಲ್ ತ್ಸಂಗಾರಿ ವೇದಿಕೆಯ ಮೇಲೆ ಆ ಕೂದಲನ್ನು ಎತ್ತಿ ಹಿಡಿದರು. ಆ ವರ್ಷ ಸೆಪ್ಟೆಂಬರಿನಲ್ಲಿ ಮಹ್ಸಾ ಅಮಿನಿ ಎಂಬ ತರುಣಿ, ತಲೆವಸ್ತ್ರ ಸರಿಯಾಗಿ ಧರಿಸಲಿಲ್ಲವೆಂದು ಬಂಧನಕ್ಕೊಳಗಾಗಿ ಸತ್ತಮೇಲೆ, ಇರಾನಿನ ಹೆಂಗಸರು ಕೂದಲು ಕತ್ತರಿಸಿ ಪ್ರತಿಭಟಿಸುತ್ತಿದ್ದರು. ಜನರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಮಗಳ ಕೈ ತನ್ನ ಜಡೆಯ ಮೇಲಿತ್ತು. ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉದ್ಘಾಟನೆಯ ಚಿತ್ರ ಬೆಲ್ಜಿಯಂನ ದಾರ್ದೆನ್ ಸಹೋದರರ ‘ಟೋರಿ ಮತ್ತು ಲೋಕಿಟಾ’. ಆಫ್ರಿಕಾದಿಂದ ಬಂದ ಒಬ್ಬ ಸಣ್ಣ ಹುಡುಗ, ಒಬ್ಬಳು ಹದಿಹರೆಯದ ಹುಡುಗಿ ಅಕ್ಕ ತಮ್ಮ ಎಂದು ಹೇಳಿಕೊಂಡು ಬದುಕುತ್ತಾರೆ. ಹುಡುಗನಿಗೆ ವಾಸದ ಕಾಗದ ಸಿಕ್ಕಿದೆ, ಹುಡುಗಿಗೆ ಸಿಕ್ಕಿಲ್ಲ. ಚಿತ್ರ ಆರಂಭವಾಗುವುದೇ ಅವಳ ಮುಖದಿಂದ; ಅಧಿಕಾರಿ ಕೇಳುತ್ತಾಳೆ, ಇವಳು ತಡವರಿಸುತ್ತಾಳೆ. ರಕ್ತಸಂಬಂಧವಿಲ್ಲದ ಇಬ್ಬರ ನಡುವಿನ ಅಕ್ಕರೆಯನ್ನು ಯಾವ ಕಾಗದದಿಂದ ಸಾಬೀತು ಮಾಡಬೇಕು? ಚಿತ್ರ ಮುಗಿದ ರೀತಿಗೆ ಮಗಳು ತುಂಬ ಹೊತ್ತು ಮಾತಾಡಲಿಲ್ಲ. ಲಾಡ್ಜಿಗೆ ನಡೆದು ಬರುವಾಗ, ‘ಇಂಥದ್ದನ್ನ ನೋಡಿ ಏನು ಮಾಡಬೇಕಪ್ಪ?’ ಎಂದು ಕೇಳಿದಳು. ಮೇಷ್ಟ್ರಾಗಿ ಇಪ್ಪತ್ತೆರಡು ವರ್ಷವಾದರೂ ಆ ಪ್ರಶ್ನೆಗೆ ನನ್ನಲ್ಲಿ ಟಿಪ್ಪಣಿ ಇರಲಿಲ್ಲ.

ಆಲೂಗಡ್ಡೆಯೂ ಬಾವುಟವೂ

ಎಲ್ಲ ಚಿತ್ರಗಳೂ ಹೀಗೆ ನೇರವಾಗಿ ಎದೆಗೆ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಆ ವರ್ಷದ ಜೀವಮಾನ ಸಾಧನೆ ಪ್ರಶಸ್ತಿ ಹಂಗೆರಿಯ ಬೇಲಾ ತಾರ್ ಅವರಿಗೆ. ಅವರ ‘ದಿ ಟ್ಯೂರಿನ್ ಹಾರ್ಸ್’ ಎರಡೂವರೆ ಗಂಟೆಯ ಕಪ್ಪು ಬಿಳುಪು ಚಿತ್ರ. ಇಡೀ ಚಿತ್ರದಲ್ಲಿ ಇರುವುದು ಸುಮಾರು ಮೂವತ್ತೇ ಶಾಟ್‌ಗಳು. ಬೀಸುವ ಗಾಳಿ, ಒಬ್ಬ ಮುದುಕ, ಅವನ ಮಗಳು, ಒಂದು ಕುದುರೆ. ಅಪ್ಪ ಮಗಳು ದಿನವೂ ಬೇಯಿಸಿದ ಒಂದೊಂದು ಆಲೂಗಡ್ಡೆ ತಿನ್ನುತ್ತಾರೆ. ಮುಚ್ಚಿಡುವುದೇಕೆ, ನಾನು ನಿದ್ದೆಹೋದೆ. ಎಚ್ಚರವಾದಾಗ ಅವರು ಇನ್ನೂ ಆಲೂಗಡ್ಡೆಯನ್ನೇ ತಿನ್ನುತ್ತಿದ್ದರು.

ಮಗಳು ಮಾತ್ರ ಎಚ್ಚರವಾಗಿದ್ದಳು. ‘ಮೊದಲ ಅರ್ಧ ತಾಸು ಮೊಬೈಲು ತೆಗೀಬೇಕು ಅನಸ್ತಿತ್ತು. ಆಮ್ಯಾಲೆ ಅವರು ಹ್ಯಾಂಗ ನೀರು ತರ್ತಾರ, ಹ್ಯಾಂಗ ಒಲಿ ಹಚ್ತಾರ ಅಂತ ನೋಡ್ಕೋತ ಕೂತೆ. ಬಾವಿ ಬತ್ತಿದಾಗ ನನಗ ಎದಿ ಧಸಕ್ ಅಂತು’ ಎಂದಳು. ನಾನು ಆ ಬಾವಿಯ ಹೊತ್ತಿಗೇ ನಿದ್ದೆಯಲ್ಲಿದ್ದೆ!

ಪ್ಯಾಲೆಸ್ಟೀನಿನ ಫಿರಾಸ್ ಖೌರಿ ಅವರ ‘ಆಲಂ’ ವಿದ್ಯಾರ್ಥಿಗಳೇ ನೋಡಬೇಕಾದ ಚಿತ್ರ. ಇಸ್ರೇಲಿನೊಳಗಿನ ಒಂದು ಅರಬ್ ಊರಿನ ಹೈಸ್ಕೂಲು ಹುಡುಗರು. ತಮ್ಮ ಹಿರಿಯರು 1948ರಲ್ಲಿ ಕಳಕೊಂಡದ್ದನ್ನು ಇತಿಹಾಸದ ತರಗತಿಯಲ್ಲಿ ಗೆದ್ದವರ ಮಾತಿನಲ್ಲೇ ಕಲಿಯಬೇಕು. ಅವರು ಶಾಲೆಯ ಮೇಲಿನ ಬಾವುಟವನ್ನು ಬದಲಾಯಿಸಲು ಗುಟ್ಟಾಗಿ ಸಂಚು ಹೂಡುತ್ತಾರೆ. ಕಥಾನಾಯಕನಿಗೆ ಮೊದಮೊದಲು ಬಾವುಟಕ್ಕಿಂತ ತರಗತಿಯ ಹೊಸ ಹುಡುಗಿಯ ಮೇಲೇ ಹೆಚ್ಚು ಆಸಕ್ತಿ. ಆ ವಯಸ್ಸಿಗೆ ಸಹಜವೇ. ಚಿತ್ರ ಮುಗಿದ ಮೇಲೆ ಚಹದಂಗಡಿಯ ಮುಂದೆ ಮಗಳು ಮೂವರು ಮಲಯಾಳಿ ಹುಡುಗಿಯರೊಡನೆ ಒಂದು ಗಂಟೆ ವಾದ ಮಾಡಿದಳು. ಮನೆಯಲ್ಲಿ ಮೂರು ಪ್ರಶ್ನೆಗೆ ಒಂದು ಉತ್ತರ ಕೊಡುವ ಹುಡುಗಿ ಇವಳೇನಾ ಎಂದು ನಾನು ದೂರ ನಿಂತು ನೋಡುತ್ತಿದ್ದೆ.

ನಿರಾಶೆಗಳೂ ಇದ್ದವು. ಸೀಟನ್ನು ಹಿಂದಿನ ದಿನವೇ ಮೊಬೈಲಿನಲ್ಲಿ ಕಾದಿರಿಸಬೇಕು. ಬೇಡಿಕೆಯ ಚಿತ್ರಗಳು ಕ್ಷಣಾರ್ಧದಲ್ಲಿ ಭರ್ತಿಯಾಗುತ್ತಿದ್ದವು. ಒಂದು ಚಿತ್ರಕ್ಕೆ ಎರಡು ಗಂಟೆ ಸಾಲಿನಲ್ಲಿ ನಿಂತು, ಬಾಗಿಲ ತನಕ ಹೋಗಿ, ಹಿಂದಿರುಗಿದೆವು.

ಉತಾಮ

ನಾಲ್ಕನೆಯ ದಿನ ನೋಡಿದ ಬೊಲಿವಿಯಾದ ‘ಉತಾಮ’ ಚಿತ್ರದ ಬಗ್ಗೆ ಬರೆಯಬೇಕೆಂದೇ ಈ ಲೇಖನ ಆರಂಭಿಸಿದೆ.

ಅಲೆಹಾಂದ್ರೊ ಲೊಆಯ್ಸಾ ಗ್ರಿಸಿ ಅವರ ಮೊದಲ ಚಿತ್ರ ಇದು. ಆಂಡಿಸ್ ಪರ್ವತಗಳ ನಡುವಿನ ಎತ್ತರದ ಬಯಲು. ಮಳೆ ಬಂದು ಎಷ್ಟೋ ದಿನವಾಗಿದೆ, ನೆಲ ಬಿರುಕು ಬಿಟ್ಟಿದೆ. ಕೆಚುವಾ ಜನಾಂಗದ ಮುದುಕ ವಿರ್ಜೀನಿಯೊ ಕಿವಿಗೆ ಗುಲಾಬಿ ರಿಬ್ಬನ್ ಕಟ್ಟಿದ ಲಾಮಾಗಳನ್ನು ಮೇಯಿಸುತ್ತಾನೆ. ಅವನ ಹೆಂಡತಿ ಸಿಸಾ ನೀರಿಗಾಗಿ ನಡೆಯುತ್ತಾಳೆ. ಊರಿನ ಬಾವಿ ಬತ್ತಿದ ಮೇಲೆ ಇನ್ನೂ ದೂರ ನಡೆಯುತ್ತಾಳೆ. ಮುದುಕನಿಗೆ ಎದೆರೋಗ. ಅವನ ಉಸಿರಾಟದ ಸದ್ದು ಚಿತ್ರದ ಉದ್ದಕ್ಕೂ ಕೇಳುತ್ತದೆ. ಹೆಂಡತಿಗೆ ಅದನ್ನು ಹೇಳುವುದಿಲ್ಲ. ಆ ಪಾತ್ರ ಮಾಡಿದವರು ನಟರಲ್ಲ. ನಿಜಜೀವನದಲ್ಲೂ ಗಂಡಹೆಂಡಿರಾದ ಅಲ್ಲಿನವರೇ.

ಒಂದು ದಿನ ಪಟ್ಟಣದಿಂದ ಮೊಮ್ಮಗ ಬರುತ್ತಾನೆ. ಕೈಯಲ್ಲಿ ಸದಾ ಮೊಬೈಲು. ಅಜ್ಜ ಅಜ್ಜಿಯ ಭಾಷೆ ಅವನಿಗೆ ಬಾರದು. ನಮ್ಮನ್ನು ಪಟ್ಟಣಕ್ಕೆ ಕರೆದೊಯ್ಯಲು ನಿನ್ನಪ್ಪನೇ ಕಳಿಸಿದ್ದಾನೆ ಎಂದು ಅಜ್ಜನಿಗೆ ಅನುಮಾನ. ಅಜ್ಜ ಬರುವುದಿಲ್ಲ, ಮೊಮ್ಮಗ ಬಿಡುವುದಿಲ್ಲ. ಕತೆ ಇಷ್ಟೇ.

ದೀಪ ಹತ್ತಿದಾಗ ಮಗಳು ಕೇಳಿದಳು: ‘ಅಪ್ಪಾ, ಅಜ್ಜ ಯಾಕ ಧಾರವಾಡಕ್ಕ ಬರಂಗಿಲ್ಲ ಅಂತಾರ?’

‘ಹಟ’ ಎಂದೆ. ಅಷ್ಟು ವರ್ಷ ಎಲ್ಲರಿಗೂ ಹಾಗೆಯೇ ಹೇಳುತ್ತ ಬಂದಿದ್ದೆ.

‘ನೀವು ಯಾವಾಗರ ಕೇಳೀರೇನು?’

ನಾನು ಬಾ ಎಂದು ಕರೆದಿದ್ದೆ, ವಾದ ಮಾಡಿದ್ದೆ, ಸಿಟ್ಟಾಗಿದ್ದೆ. ಏಕೆ ಬರುವುದಿಲ್ಲ ಎಂದು ಕೇಳಿರಲಿಲ್ಲ. ಆಗ ಇನ್ನೊಂದು ಸಂಗತಿ ಹೊಳೆಯಿತು. ಆ ಚಿತ್ರದಲ್ಲಿ ಅಜ್ಜನಿದ್ದಾನೆ, ಮೊಮ್ಮಗನಿದ್ದಾನೆ. ನಡುವಿನ ಮಗ ಮಾತ್ರ ಇಲ್ಲ. ಅವನ ಹೆಸರು ಬಂದಾಗಲೆಲ್ಲ ಮುದುಕನ ಮುಖ ಗಟ್ಟಿಯಾಗುತ್ತದೆ, ಅಷ್ಟೇ. ಯುಗಾದಿಗೆ, ದೀಪಾವಳಿಗೆ ಊರಿಗೆ ಹೋಗಿ, ಔಷಧದ ಚೀಟಿ ನೋಡಿ, ದುಡ್ಡು ಕೊಟ್ಟು ಸಂಜೆಯ ಬಸ್ಸಿಗೆ ಹಿಂದಿರುಗುವ ನಾನು ಆ ಪರದೆಯ ಮೇಲಿಲ್ಲದ ಮಗ. ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ರೈಲು ಹತ್ತಿದೆವು. ಧಾರವಾಡಕ್ಕೆ ಬಂದ ಮೇಲೆ, 16ರಂದು ಸುದ್ದಿ ಸಿಕ್ಕಿತು: ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಸುವರ್ಣ ಚಕೋರಂ ‘ಉತಾಮ’ಕ್ಕೇ ಬಂದಿತ್ತು. ‘ಆಲಂ’ ನಿರ್ದೇಶಕನಿಗೂ ಚೊಚ್ಚಲ ಚಿತ್ರದ ಬಹುಮಾನ. ಮಗಳು ತಾನೇ ಗೆದ್ದವಳಂತೆ ಕುಣಿದಳು.

ಬಾವಿಯ ಕಟ್ಟೆಯ ಮೇಲೆ

ಸಂಕ್ರಾಂತಿಗೆ ಇಬ್ಬರೂ ಊರಿಗೆ ಹೋದೆವು. ಈ ಸಲ ನಾಲ್ಕು ದಿನ ಇದ್ದೆವು. ಬೆಳಿಗ್ಗೆ ಅಪ್ಪನ ಜೊತೆ ಮಗಳೂ ಹೊಲಕ್ಕೆ ಹೋದಳು, ಹಿಂದೆ ನಾನು. ಬಾವಿಯ ಕಟ್ಟೆಯ ಮೇಲೆ ಕುಳಿತು ಅವಳೇ ಕೇಳಿದಳು, ಯಾಕೆ ಬರುವುದಿಲ್ಲ ಎಂದು.

‘ಬಾಂವಿಗೆ ನೀರು ಬಂದಾಗ ಮನ್ಯಾಗ ಯಾರೂ ಇಲ್ಲಂದ್ರ ಹ್ಯಾಂಗವ್ವಾ?’ ಎಂದರು ಅಪ್ಪ. ಯಾರೋ ನೆಂಟರು ಬರುವ ಸಂಗತಿ ಹೇಳಿದ ಹಾಗೆ.

ಆಮೇಲೆ ಬಾವಿ ತೋಡಿದ ಕತೆ ಬಂತು. ತೋಡುವಾಗ ಕಾಲು ಮುರಿದುಕೊಂಡ ತಮ್ಮನ ಕತೆ, ಮೊದಲ ಸಲ ನೀರು ಚಿಮ್ಮಿದ ದಿನ ಊರಿಗೆಲ್ಲ ಬೆಲ್ಲ ಹಂಚಿದ ಕತೆ. ಇವೆಲ್ಲ ನನಗೂ ಗೊತ್ತಿರಲಿಲ್ಲ. ಮಗಳಿಗೆ ಅವರ ಕೆಲವು ಮಾತು ತಿಳಿಯದಾದಾಗ ನಾನು ನಡುವೆ ಕುಳಿತು ಬಿಡಿಸಿ ಹೇಳಿದೆ.

‘ಅಷ್ಟು ದೂರ ಹೋಗಿ ಏನು ನೋಡಿದ್ರಿ?’ ಎಂದು ಅವರು ಕೇಳಿದರು. ಮಗಳು ‘ಉತಾಮ’ದ ಕತೆಯನ್ನು ಮೊದಲಿನಿಂದ ಹೇಳಿದಳು. ಲಾಮಾ ಎಂದರೆ ಉದ್ದ ಕತ್ತಿನ ಕುರಿ ಎಂದಳು. ಅಪ್ಪ ನಡುವೆ ಮಾತಾಡದೆ ಕೇಳಿದರು. ಕಡೆಗೆ, ‘ಮಳೀ ಬಂತೇನು ಅವರಿಗೆ?’ ಎಂದರು.

ಅವರು ಧಾರವಾಡಕ್ಕೆ ಬರಲಿಲ್ಲ. ಈಗ ನಾನೇ ತಿಂಗಳಿಗೊಮ್ಮೆ ಹೋಗುತ್ತೇನೆ, ರಾತ್ರಿ ಉಳಿಯುತ್ತೇನೆ. ಕಿರುಪರೀಕ್ಷೆಯಲ್ಲಿ ಮಗಳಿಗೆ ಎರಡು ವಿಷಯಗಳಲ್ಲಿ ಅಂಕ ಕಡಿಮೆ ಬಂದದ್ದು ನಿಜ. ಅದನ್ನು ಅವಳು ಮುಂದಿನ ಪರೀಕ್ಷೆಯಲ್ಲಿ ತುಂಬಿಕೊಂಡಳು.

ಬೆಂಗಳೂರಿನಲ್ಲಿ 2006ರಿಂದ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯುತ್ತ ಬಂದಿದೆ. ನಮ್ಮ ಪಕ್ಕದ ಗೋವಾಕ್ಕೆ 2004ರಿಂದ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ ಬಂದಿದೆ. ಮಕ್ಕಳು ಕೇಳಿದರೆ ಒಂದು ಸಲವಾದರೂ ಕಳಿಸಿ. ಸಾಧ್ಯವಾದರೆ ಜೊತೆಗೆ ನೀವೂ ಹೋಗಿ. ದಿನಕ್ಕೆ ಐದು ಚಿತ್ರ ನೋಡುವ ಆಸೆ ಬೇಡ, ಮೂರು ಸಾಕು. ಒಂದರಲ್ಲಿ ನಿದ್ದೆ ಬಂದರೂ ಚಿಂತೆಯಿಲ್ಲ. ಹೊರಗೆ ಬಂದ ಮೇಲೆ ಚಹ ಕುಡಿಯುತ್ತ ಅವರು ಏನಾದರೂ ಕೇಳುತ್ತಾರೆ. ಆಗ ಎಚ್ಚರವಾಗಿದ್ದರೆ ಸಾಕು.