ಚಾವಡಿಯ ಸೈಕಲ್ಲಿಗೆ ಯಾವ ಪರದೆ?

ಹೊರಗೆ ರಸ್ತೆ, ಒಳಗೆ ಸೈಕಲ್ಲು

ಬಿ.ಸಿ. ರೋಡಿನಿಂದ ಪೊಳಲಿಯಾಗಿ ಕೈಕಂಬಕ್ಕೆ ಹೋಗುವ ರಸ್ತೆ ನಮ್ಮ ಮನೆಗೆ ಕೂಗಳತೆಯ ದೂರ. 2024ರ ಮಳೆಗಾಲದಲ್ಲಿ ಆ ರಸ್ತೆಯ ಅಡ್ಡೂರು ಸೇತುವೆ ದುರ್ಬಲವಾಗಿದೆಯೆಂದು ಘನ ವಾಹನಗಳನ್ನು ತಡೆದರು. ಸೈಕಲ್ಲಿಗೆ ಆ ತಡೆಯೂ ಇಲ್ಲ. ಹೀಗಿದ್ದೂ ತಂಗಿಯ ಮಗ ಚಾವಡಿಯಲ್ಲಿ ಸೈಕಲ್ಲನ್ನು ಟ್ರೇನರ್ ಎಂಬ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ ನಿಂತಲ್ಲೇ ತುಳಿಯುವ ತಯಾರಿಯಲ್ಲಿದ್ದಾನೆ. ಎದುರಿಗೊಂದು ಪರದೆ, ಪರದೆಯಲ್ಲೊಂದು ದ್ವೀಪ, ದ್ವೀಪದ ರಸ್ತೆಯಲ್ಲಿ ಅವನ ಹೆಸರು ಹೊತ್ತ ಒಂದು ಗೊಂಬೆ. ಇವನು ತುಳಿದರೆ ಅದು ಓಡುತ್ತದೆ, ಇವನು ಸುಸ್ತಾದರೆ ಅದು ಹಿಂದೆ ಬೀಳುತ್ತದೆ. ಬಿಟ್ಟಿ ರಸ್ತೆ ಬಿಟ್ಟು, ದುಡ್ಡು ಕೊಟ್ಟು ಹೀಗೇಕೆ?

ಮಳೆ

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುತ್ತದೆ. ಹೊಂಡದಲ್ಲಿ ನೀರು ನಿಂತರೆ ಅದು ನಾಲ್ಕು ಇಂಚಿನ ಹೊಂಡವೋ ಒಂದಡಿಯದೋ ಬಿದ್ದ ಮೇಲೆಯೇ ತಿಳಿಯುವುದು. ಒದ್ದೆ ರಿಮ್ಮಿಗೆ ಬ್ರೇಕು ಹಿಡಿಯುವುದಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ಮುಚ್ಚಿದ್ದನ್ನು ಬೆಳ್ತಂಗಡಿಯವರು ಇನ್ನೂ ಮರೆತಿಲ್ಲ.

ಹುಡುಗನ ಗುರಿ ಮಳೆ ಬಿಟ್ಟ ಮೇಲೆ ಬ್ರೆವೆ ಎಂಬ 200 ಕಿ.ಮೀ. ದೂರದ ಸವಾರಿ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ನಾಲ್ಕು ತಿಂಗಳು ಸುಮ್ಮನೆ ಕೂತ ಕಾಲು ಅಕ್ಟೋಬರಿನಲ್ಲಿ ಎದ್ದು 200 ಕಿ.ಮೀ. ಹೋಗುವುದಿಲ್ಲ. ಕರ್ನಾಟಕದ ಹೆಸರಾಂತ ಸೈಕಲ್ ಪಟುಗಳು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಕಡೆಯವರು. ಅಲ್ಲಿ ಮಳೆ ಕಡಿಮೆ, ರಸ್ತೆ ನೇರ. ಅವರು ವರ್ಷವಿಡೀ ಹೊರಗೆ ತುಳಿಯಬಲ್ಲರು. ಒಳಗೆ ತುಳಿಯುವ ಯಂತ್ರ ಬೇಕಾದದ್ದು ನಮಗೆ. ಇಷ್ಟು ನನಗೆ ಒಪ್ಪಿಗೆ. ಮುಂದಿನದರಲ್ಲೇ ಗೊಂದಲ.

ಎಲ್ಲರೂ ಕೇಳುವ ಪ್ರಶ್ನೆ

ಮನೆಗೆ ಬಂದ ಅವನ ಗೆಳೆಯರೆಲ್ಲ ಕೇಳುವುದು ಒಂದನ್ನೇ: "ಯಾವುದರಲ್ಲಿ ಓಡಿಸ್ತೀ ಮಾರಾಯ, ಫೋನಾ, ಲ್ಯಾಪ್‌ಟಾಪಾ, ಐಪ್ಯಾಡಾ?" ಒಬ್ಬ ಗೇಮಿಂಗ್ ಲ್ಯಾಪ್‌ಟಾಪ್ ತೆಗೆದುಕೋ ಎನ್ನುತ್ತಾನೆ. ಇನ್ನೊಬ್ಬ ಆಪಲ್ ಟಿವಿ ಎಂಬ ಪುಟ್ಟ ಪೆಟ್ಟಿಗೆ ಸಾಕು ಎನ್ನುತ್ತಾನೆ. ಅದರ 2022ರ ಮಾದರಿ ನಮ್ಮ ದೇಶಕ್ಕೆ ಬಂದಾಗ ಬೆಲೆ 14,900 ರೂಪಾಯಿ. ಕಾಲು ತಾಗುವ ವಸ್ತುವಿನ ಬಗ್ಗೆ ಮಾತಿಲ್ಲ, ಕಣ್ಣು ತಾಗುವ ವಸ್ತುವಿನ ಬಗ್ಗೆ ಮಾತು ಮುಗಿಯುವುದಿಲ್ಲ. ತುಳಿಯುವವನು ನೋಡುಗನಾಗಿ ಯೋಚಿಸುವುದು ಏಕೆಂದು ನನಗೆ ಗೊತ್ತಾಗಲಿಲ್ಲ.

ಪರದೆ ಮಾಡುವ ಕೆಲಸ

ಕೇಳುತ್ತಾ ಕೇಳುತ್ತಾ ತಿಳಿದದ್ದು: ಪರದೆಯ ಕೆಲಸ ನಾನು ಭಾವಿಸಿದಷ್ಟು ದೊಡ್ಡದಲ್ಲ. ಜ್ವಿಫ್ಟ್ ಎಂಬ ಆಪ್ 2014ರಿಂದ ಇದೆ. ವಾಟೋಪಿಯ ಎಂಬುದು ಅದರ ಕಾಲ್ಪನಿಕ ದ್ವೀಪ. ಆ ದ್ವೀಪದ ಗುಡ್ಡ, ಮರ, ಸೇತುವೆ ಎಲ್ಲವೂ ಮೊದಲೇ ನಮ್ಮ ಫೋನಿಗೋ ಲ್ಯಾಪ್‌ಟಾಪಿಗೋ ಇಳಿದು ಕೂತಿರುತ್ತವೆ. ಇಂಟರ್‌ನೆಟ್ಟಿನಲ್ಲಿ ಓಡಾಡುವುದು ಯಾರು ಎಲ್ಲಿದ್ದಾರೆ ಎಂಬ ಸಣ್ಣ ಸುದ್ದಿ ಮಾತ್ರ. ಹಾಗಾಗಿ ಮೊದಲ ಸಲ ಇಳಿಸಿಕೊಳ್ಳಲು ಕೆಲವು ಜಿಬಿ ಬೇಕು, ಆಮೇಲಿನ ಖರ್ಚು ಅಲ್ಪ.

ನಡುವೆ ನೆಟ್ ಹೋದರೆ ಏನಾಗುತ್ತದೆ ಎಂದು ಕೇಳಿದೆ. ಊರು ಹಾಗೇ ಇರುತ್ತದಂತೆ, ರಸ್ತೆಯಲ್ಲಿದ್ದ ಜನ ಮಾತ್ರ ಮಾಯವಾಗುತ್ತಾರಂತೆ. ಇವನೊಬ್ಬನೇ ತುಳಿಯುತ್ತಿರಬಹುದು.

ಲ್ಯಾಪ್‌ಟಾಪು ಹಳೆಯದಾದರೆ ಚಿತ್ರ ಸ್ವಲ್ಪ ಒರಟಾಗುತ್ತದೆ, ಅಷ್ಟೆ. ವಿಂಡೋಸ್ 7ರ ಕಾಲದಲ್ಲೇ ಉಳಿದದ್ದಾದರೆ ಮಾತ್ರ ನಡೆಯುವುದಿಲ್ಲ. ಗೋಡೆಯ ಮೇಲಿನ ಆಂಡ್ರಾಯ್ಡ್ ಟಿವಿಯಲ್ಲಿ ನೇರವಾಗಿ ಜ್ವಿಫ್ಟ್ ಹಾಕಲು ಬರುವುದಿಲ್ಲ. ಲ್ಯಾಪ್‌ಟಾಪಿನಿಂದ ಒಂದು ಎಚ್‌ಡಿಎಂಐ ಕೇಬಲ್ ಎಳೆದರೆ ಅದೇ ದೊಡ್ಡ ಪರದೆ. ಕೇಬಲ್ಲಿಗೆ ಕೆಲವು ನೂರು ರೂಪಾಯಿ.

ನೀಲಿ ಹಲ್ಲಿನ ಜಗಳ

ಬ್ಲೂಟೂತ್ ನೋಡಿದಷ್ಟೂ ವಿಚಿತ್ರ. ಗೆಳೆಯನಿಂದ ಎರವಲು ತಂದ ಟ್ರೇನರಿಗೆ ಕರೆಂಟು ಕೊಟ್ಟದ್ದೇ ತಡ, ಹುಡುಗ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಅದನ್ನು ಜೋಡಿಸಿದ. ಫೋನು ಕನೆಕ್ಟೆಡ್ ಎಂದಿತು. ಆಪ್ ತೆರೆದರೆ, ಟ್ರೇನರ್ ಇಲ್ಲವೇ ಇಲ್ಲ ಎಂದಿತು. ಆಫ್ ಮಾಡಿ ಆನ್ ಮಾಡಿದ. ಪುನಃ ಅದೇ. ಕೊನೆಗೆ ಸೆಟ್ಟಿಂಗ್ಸಿನಲ್ಲಿ ಅದನ್ನು ಮರೆಯುವಂತೆ ಮಾಡಿ, ಆಪಿನ ಒಳಗಿನಿಂದಲೇ ಹುಡುಕಿದಾಗ ಸಿಕ್ಕಿತು.

"ಇದು ಒಂದು ಹೊತ್ತಿಗೆ ಒಬ್ಬರ ಮಾತು ಮಾತ್ರ ಕೇಳೂದು ಮಾವ," ಎಂದ. ಈ ಜಾತಿಯ ಬಹಳಷ್ಟು ಯಂತ್ರಗಳ ಬ್ಲೂಟೂತಿಗೆ ಒಂದು ಸಲಕ್ಕೆ ಒಂದೇ ಸಂಬಂಧ. ಪಕ್ಕದ ಕೋಣೆಯಲ್ಲಿ ಐಪ್ಯಾಡು ಅದನ್ನು ಹಿಡಿದುಕೊಂಡಿದ್ದರೂ ಇಲ್ಲಿ ಸಿಗುವುದಿಲ್ಲ. ಆಪಲ್ ಟಿವಿಗೂ ಒಂದು ಮಿತಿ: ರಿಮೋಟ್ ಬಿಟ್ಟರೆ ಇನ್ನೆರಡು ಉಪಕರಣ ಮಾತ್ರ. ಟ್ರೇನರ್, ಎದೆಬಡಿತದ ಪಟ್ಟಿ, ಅಲ್ಲಿಗೆ ಮುಗಿಯಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ ಸರಿ ಇಲ್ಲದಿದ್ದರೆ ಆಂಟ್ ಪ್ಲಸ್ ಎಂಬ ಯುಎಸ್‌ಬಿ ಡಾಂಗಲ್ ಹಾಕುತ್ತಾರೆ. ಅದನ್ನೂ ಲ್ಯಾಪ್‌ಟಾಪಿನ ಬೆನ್ನಿಗೆ ಸಿಕ್ಕಿಸಿ ಬಿಡುವುದಲ್ಲ, ಒಂದು ಎಕ್ಸ್‌ಟೆನ್ಶನ್ ವಯರಿನಲ್ಲಿ ಸೈಕಲ್ಲಿನ ಹತ್ತಿರ ತರಬೇಕು. ಇಲ್ಲವಾದರೆ ಸಿಗ್ನಲ್ ತಪ್ಪಿ, ಗೊಂಬೆ ನಡುರಸ್ತೆಯಲ್ಲಿ ಕಾಲು ಬಿಟ್ಟು ನಿಲ್ಲುತ್ತದೆ.

ಸರಕಾರದ ಸೈಕಲ್ಲು

ಕೊಟ್ಟಿಗೆಯ ಪಕ್ಕ ಒಂದು ಸೈಕಲ್ಲಿದೆ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರಕಾರ ಕೊಡಲು ಶುರುಮಾಡಿದ ಸೈಕಲ್ಲುಗಳಲ್ಲಿ ಒಂದು, ಮನೆಯ ಹುಡುಗಿಗೆ ಬಂದದ್ದು. ಇದನ್ನೇ ಸಿಕ್ಕಿಸಿದರಾಗದೇ ಎಂಬುದು ನನ್ನ ಸಲಹೆ.

ಆಗುವುದಿಲ್ಲ. ಹಿಂದಿನ ಚಕ್ರದ ಅಚ್ಚಿನ ಎರಡೂ ಕಡೆ ನಟ್ಟು. ಟ್ರೇನರಿನ ಹಿಡಿಕೆ ಕೂರಬೇಕಾದರೆ ಕ್ವಿಕ್ ರಿಲೀಸಿನ ಉದ್ದ ಕಡ್ಡಿ ಬೇಕು, ಇಲ್ಲವೇ ಅದಕ್ಕೆಂದೇ ಮಾಡಿದ ಬೇರೆ ನಟ್ಟು. ಗೇರಿಲ್ಲ, ಸ್ಟ್ಯಾಂಡು ಅಡ್ಡ. ಹಿಂದಿನ ಚಕ್ರ ತೆಗೆದು ಸರಪಳಿಯನ್ನು ನೇರವಾಗಿ ಯಂತ್ರಕ್ಕೆ ಹಾಕುವ ದುಬಾರಿ ಟ್ರೇನರಾದರೆ ಇನ್ನೂ ಕಷ್ಟ. ಅದರ ಹಲ್ಲುಚಕ್ರಗಳ ಸಂಖ್ಯೆ ನಮ್ಮ ಸೈಕಲ್ಲಿನ ಗೇರಿಗೆ ಹೊಂದಬೇಕು. ಏಳು ಗೇರಿನ ಅಗ್ಗದ ಸೈಕಲ್ಲಿಟ್ಟುಕೊಂಡು ಐವತ್ತು ಸಾವಿರದ ಯಂತ್ರ ತಂದರೆ ಎರಡಕ್ಕೂ ಸಂಬಂಧ ಕೂಡಿಬರದೆ ಇರುವ ಸಂಭವವೇ ಹೆಚ್ಚು. ಅಂದರೆ ಮೊದಲು ನೋಡಬೇಕಾದದ್ದು ಅಂಗಡಿಯನ್ನಲ್ಲ, ಮನೆಯಲ್ಲಿರುವ ಸೈಕಲ್ಲಿನ ಹಿಂದಿನ ಚಕ್ರವನ್ನು.

ಬುದ್ಧಿ ಇರುವುದು, ಇಲ್ಲದ್ದು

ಟ್ರೇನರುಗಳಲ್ಲಿ ಎರಡು ಬಗೆ. ಸ್ಮಾರ್ಟ್ ಎಂಬುದು ಪರದೆಯಲ್ಲಿ ಏರು ಬಂದರೆ ತಾನಾಗಿ ಬಿಗಿಯಾಗುತ್ತದೆ, ಎಷ್ಟು ವಾಟ್ ತುಳಿದಿರಿ ಎಂದು ಹೇಳುತ್ತದೆ. ಇನ್ನೊಂದಕ್ಕೆ ಈ ಹುಡುಗರು ಡಂಬ್ ಎನ್ನುತ್ತಾರೆ: ಒಂದು ಉರುಳೆ, ಒಂದು ಅಯಸ್ಕಾಂತ, ಹತ್ತು ಸಾವಿರದ ಆಸುಪಾಸು. ಇದರ ಜೊತೆ ಚಕ್ರದ ವೇಗ ಅಳೆಯುವ ಸಣ್ಣ ಸೆನ್ಸರ್ ಹಾಕಿದರೆ, ಈ ಮಾದರಿಯ ಟ್ರೇನರಿನಲ್ಲಿ ಇಷ್ಟು ವೇಗಕ್ಕೆ ಇಷ್ಟು ವಾಟ್ ಎಂದು ಆಪ್ ಅಂದಾಜು ಹಾಕಿಕೊಳ್ಳುತ್ತದೆ. ಏರು ಬಂದರೆ ಕಾಲಿಗೆ ತಿಳಿಯುವುದಿಲ್ಲ. ಪರದೆಯ ಗೊಂಬೆ ನಿಧಾನವಾಗುತ್ತದೆ, ಅಷ್ಟೆ.

ಅಂದಾಜಿನಲ್ಲಿ ತಮಾಷೆಯೂ ಇದೆ. ಟಯರಿನ ಗಾಳಿ ಇಳಿದಿದ್ದರೆ ಅಥವಾ ಉರುಳೆಯನ್ನು ಬಿಗಿಯಾಗಿ ಒತ್ತಿದ್ದರೆ ಚಕ್ರ ತಿರುಗುವುದೇ ಕಷ್ಟ. ಕಾಲು ಹೆಚ್ಚು ದುಡಿಯುತ್ತದೆ, ವೇಗ ಕಡಿಮೆಯಾಗುತ್ತದೆ, ಆಪ್ "ನೀನು ಕಡಿಮೆ ತುಳಿದೆ" ಎಂದು ತೀರ್ಪು ಕೊಡುತ್ತದೆ. ಪ್ರತಿ ಸಲ ಅದೇ ಗಾಳಿ, ಅದೇ ಬಿಗಿ ಇಟ್ಟುಕೊಂಡರೆ ನಿನ್ನೆಯ ತನ್ನ ಜೊತೆ ಇವತ್ತಿನ ತನ್ನನ್ನು ಹೋಲಿಸಲು ಇಷ್ಟು ಸಾಕಂತೆ. ಬ್ರೆವೆಗೆ ಬೇಕಾದದ್ದೂ ಅಷ್ಟೇ.

ಅರ್ಧ ಗುಡ್ಡ

ಸ್ಮಾರ್ಟ್ ಟ್ರೇನರು ಇರುವವರಿಗೆ ಜ್ವಿಫ್ಟಿನಲ್ಲಿ ಒಂದು ಸೆಟ್ಟಿಂಗ್ ಉಂಟು: ಏರಿನ ಕಷ್ಟ ಎಷ್ಟಿರಬೇಕು ಎಂದು ನಾವೇ ಇಡಬಹುದು. ಕಂಪನಿ ಮೊದಲೇ ಇಟ್ಟಿರುವುದು ಅರ್ಧಕ್ಕೆ. ಶೇ. 8ರ ಏರು ಕಾಲಿಗೆ ಶೇ. 4 ಎನಿಸುತ್ತದೆ. ಗುಡ್ಡವನ್ನೇ ಅರ್ಧ ಮಾಡಿಕೊಂಡು ಹತ್ತುವುದು ಯಾವ ನ್ಯಾಯ ಎಂದೆ. ನ್ಯಾಯವೇ ಸರಿ ಅಂತೆ. ತುದಿ ಮುಟ್ಟಲು ಬೇಕಾದ ಒಟ್ಟು ಶ್ರಮ ಬದಲಾಗುವುದಿಲ್ಲ, ಗೇರು ಬದಲಿಸುವ ಕಷ್ಟ ಮಾತ್ರ ಕಡಿಮೆ.

ಫ್ರಾನ್ಸಿನ ಆಲ್ಪ್ ದುಯೆಜ್ ಗುಡ್ಡದ 21 ತಿರುವುಗಳನ್ನು ಹಾಗೇ ಎತ್ತಿ 2018ರಲ್ಲಿ ವಾಟೋಪಿಯದಲ್ಲಿ ಇಟ್ಟಿದ್ದಾರೆ. 12 ಕಿ.ಮೀ. ದಾರಿ, ಒಂದು ಸಾವಿರ ಮೀಟರಿಗೂ ಮಿಕ್ಕಿದ ಏರು. ಪೊಳಲಿಯ ಹುಡುಗ ಆಗುಂಬೆಯ 14 ತಿರುವುಗಳನ್ನು ಸೈಕಲ್ಲಿನಲ್ಲಿ ಕಾಣುವ ಮೊದಲೇ ಫ್ರಾನ್ಸಿನದನ್ನು ಹತ್ತುತ್ತಾನೆ.

ಮೆಸ್ಕಾಂ ಲೆಕ್ಕ

ನಮ್ಮ ಹವೆಯಲ್ಲಿ ಇವನ ನಿಜವಾದ ಶತ್ರು ಬೆವರು. ಮನುಷ್ಯನ ದೇಹ ತಿಂದದ್ದರಲ್ಲಿ ನಾಲ್ಕನೇ ಒಂದು ಪಾಲೂ ಪೆಡಲಿಗೆ ಸಿಗುವುದು ಕಷ್ಟ, ಉಳಿದದ್ದೆಲ್ಲ ಬಿಸಿ. 150 ವಾಟ್ ತುಳಿದರೆ 500 ವಾಟಿನಷ್ಟು ಶಾಖ ಮೈಯಿಂದ ಹೊರಡಬೇಕು. ರಸ್ತೆಯಲ್ಲಾದರೆ ಗಾಳಿ ಒಯ್ಯುತ್ತದೆ. ಆಟಿ ತಿಂಗಳ ಚಾವಡಿಯಲ್ಲಿ ಗಾಳಿಯೇ ಒದ್ದೆ. ಹಣೆಯಿಂದ ಇಳಿದ ಉಪ್ಪುನೀರು ಹ್ಯಾಂಡಲಿನ ಕೆಳಗಿನ ಬೇರಿಂಗಿಗೆ ಹೋಗಿ ತುಕ್ಕು ಹಿಡಿಸುತ್ತದೆ. ಆದ್ದರಿಂದ ಒಂದು ಬೈರಾಸು ಹ್ಯಾಂಡಲಿಗೆ, ಒಂದು ಅವನಿಗೆ.

ಮತ್ತೆ ಫ್ಯಾನು. 150 ವಾಟಿನಲ್ಲಿ ಹಳೆಯ ಬಗೆಯ ಎರಡು ಸೀಲಿಂಗ್ ಫ್ಯಾನ್ ತಿರುಗುತ್ತವೆ. ಇವನು ಅಷ್ಟನ್ನು ಕಾಲಿನಿಂದ ಹುಟ್ಟಿಸಿ, ಟ್ರೇನರಿನೊಳಗೆ ಬಿಸಿ ಮಾಡಿ ಬಿಟ್ಟು, ತಣ್ಣಗಾಗಲು ಮೆಸ್ಕಾಂ ಕರೆಂಟಿನಲ್ಲಿ ಫ್ಯಾನು ಹಾಕಿಕೊಳ್ಳುತ್ತಾನೆ. ಒಂದು ಯೂನಿಟ್ ಆಗಬೇಕಾದರೆ ಹೀಗೆ ಏಳು ಗಂಟೆಗೆ ಸ್ವಲ್ಪ ಕಡಿಮೆ ತುಳಿಯಬೇಕು. ಗೃಹಜ್ಯೋತಿಯ ಕಾಲದಲ್ಲಿ ಆ ಯೂನಿಟ್ಟಿಗೆ ಬೆಲೆಯೂ ಇಲ್ಲ.

"ಇಷ್ಟು ತುಳಿದದ್ದರಲ್ಲಿ ಒಂದು ತೆಂಗಿನಕಾಯಿ ತುರಿದರೂ ಆಗ್ತಿತ್ತು," ಎಂದಳು ಅವನ ಅತ್ತೆ. ಅವನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ.

ಅಡಿಗೆ

ಟ್ರೇನರಿನ ಅಡಿಗೆ ಹಾಸಲು ಬೇಕಾದ ಮ್ಯಾಟು ಅಂಗಡಿಯಲ್ಲಿ ದುಬಾರಿ. ದನದ ಕೊಟ್ಟಿಗೆಗೆ ಹಾಸುವ ಕೌ ಮ್ಯಾಟಿನ ಒಂದು ತುಂಡು ತಂದು ಹಾಕಿದ. ದಪ್ಪ ರಬ್ಬರು, ತೊಳೆಯಲು ಸುಲಭ, ಕಾವಿ ನೆಲಕ್ಕೆ ಗೀರು ಬೀಳುವುದಿಲ್ಲ. ಸದ್ದೂ ಅರ್ಧ ಇಳಿಯಿತು. ಉಳಿದರ್ಧವನ್ನು ಹಂಚಿನ ಮೇಲಿನ ಮಳೆ ನುಂಗಿತು.

ತೂಕ

ಪೊಳಲಿ ಜಾತ್ರೆಯ ಚೆಂಡಾಟ ಐದು ದಿನ. ಮೂಡುಬಿದಿರೆಯಲ್ಲಿ ಹೊಲಿದ ಚರ್ಮದ ಚೆಂಡಿಗೆ ಗದ್ದೆಯಲ್ಲಿ ಮೈಗೆ ಮೈ ಒತ್ತುವ ಯಾರ ತೂಕವನ್ನೂ ಯಾರೂ ಕೇಳುವುದಿಲ್ಲ. ಪರದೆಯ ಆಟದಲ್ಲಿ ಮೊದಲು ಕೇಳುವುದೇ ತೂಕ. ವಾಟ್ ಅನ್ನು ಕಿಲೋದಿಂದ ಭಾಗಿಸಿ ಗೊಂಬೆಯ ಏರುವ ವೇಗ ನಿರ್ಧಾರ. ಆ ತೂಕ ಬರೆಯುವವನು ಸವಾರನೇ. ಐದು ಕಿಲೋ ಕಡಿಮೆ ಬರೆದರೆ ಗುಡ್ಡ ಹಗುರ.

ಇದಕ್ಕಿಂತ ವಿಚಿತ್ರ ಬ್ರಿಟನ್ನಿನಲ್ಲಿ ನಡೆಯಿತು. 2019ರಲ್ಲಿ ಅಲ್ಲಿಯ ರಾಷ್ಟ್ರೀಯ ಇ-ರೇಸ್ ಗೆದ್ದ ಕ್ಯಾಮರನ್ ಜೆಫರ್ಸ್ ಪದಕ ಕಳೆದುಕೊಂಡ. ರೇಸಿನಲ್ಲಿ ಅವನು ತುಳಿದದ್ದು ನಿಜವೇ. ಆದರೆ ಅವನ ಗೊಂಬೆ ಏರಿದ್ದ ವೇಗದ ಸೈಕಲ್ಲು 50,000 ಮೀಟರ್ ಏರಿದವರಿಗೆ ಸಿಗುವಂಥದ್ದು. ಅಷ್ಟು ಏರನ್ನು ಅವನ ಕಾಲಲ್ಲ, ಕಂಪ್ಯೂಟರ್ ಪ್ರೋಗ್ರಾಮು ಹತ್ತಿತ್ತು. 250 ಪೌಂಡ್ ದಂಡ, ಆರು ತಿಂಗಳ ನಿಷೇಧ. ಇಲ್ಲದ ಸೈಕಲ್ಲಿಗೆ ಇರುವ ದಂಡ!

ನಗುವ ಮೊದಲು

ಇದೆಲ್ಲ ಮಕ್ಕಳಾಟ ಎಂದು ಬರೆಯಲು ಹೊರಟಾಗ ಹುಡುಗ ಆಸ್ಟ್ರೇಲಿಯದ ಜೇ ವೈನ್ ಹೆಸರು ಹೇಳಿದ. ಒಳಗೆ ತುಳಿದೇ 2020ರ ಜ್ವಿಫ್ಟ್ ಅಕಾಡೆಮಿ ಸ್ಪರ್ಧೆ ಗೆದ್ದು ವೃತ್ತಿಪರ ತಂಡ ಸೇರಿದವನು. 2022ರ ಸ್ಪೇನ್ ಸವಾರಿ ವುವೆಲ್ತಾದಲ್ಲಿ ಎರಡು ಹಂತಗಳನ್ನು ನಿಜವಾದ ಗುಡ್ಡಗಳ ಮೇಲೆ ಗೆದ್ದ. 2020ರ ಡಿಸೆಂಬರಿನಲ್ಲಿ ಮೊದಲ ವಿಶ್ವ ಇ-ಸೈಕ್ಲಿಂಗ್ ಪಟ್ಟ ಗೆದ್ದ ಜರ್ಮನಿಯ ಜೇಸನ್ ಆಸ್ಬೋರ್ನ್ ಮೂಲತಃ ದೋಣಿ ಹುಟ್ಟು ಹಾಕುವವನು. ಕಾಲಿನ ಬಲ ಸುಳ್ಳಲ್ಲ, ಸುತ್ತಲಿನ ದ್ವೀಪ ಮಾತ್ರ ಸುಳ್ಳು.

ಯಾರಾದರೂ ಕೇಳಿದರೆ

ಬರೆದಿಟ್ಟುಕೊಂಡ ಕ್ರಮ ಹೀಗಿದೆ. ಮೊದಲು ಮನೆಯ ಸೈಕಲ್ಲಿನ ಅಚ್ಚು, ಗೇರು, ಟಯರು ನೋಡಿಕೊಳ್ಳುವುದು. ಗುಬುಟಿನ ಟಯರಾದರೆ ಉರುಳೆಯ ಮೇಲೆ ಬೊಬ್ಬೆ ಹೊಡೆಯುತ್ತದೆ, ನುಣ್ಣನೆಯದು ಹಾಕಬೇಕು. ಆಮೇಲೆ ಅದಕ್ಕೆ ಹೊಂದುವ ಟ್ರೇನರು. 2020ರ ಲಾಕ್‌ಡೌನಿನಲ್ಲಿ ಕೊಂಡು ಮೂಲೆಗೆ ಸೇರಿಸಿದವರಿದ್ದರೆ ಅವರ ಕೈಯಿಂದ ಸೆಕೆಂಡ್ ಹ್ಯಾಂಡ್. ಮೂರನೆಯದು ಫ್ಯಾನು. ನಾಲ್ಕನೆಯದು ಆಪ್: ಜ್ವಿಫ್ಟಿಗೆ 2024ರಿಂದ ತಿಂಗಳಿಗೆ 19.99 ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ 1,700 ರೂಪಾಯಿಯ ಹತ್ತಿರ; ಮೈವೂಶ್ ಎಂಬುದಕ್ಕೆ ದುಡ್ಡಿಲ್ಲ, 2024ರ ವಿಶ್ವ ಇ-ಸೈಕ್ಲಿಂಗ್ ನಡೆದದ್ದೂ ಅದರಲ್ಲೇ. ಪರದೆ ಕಟ್ಟಕಡೆಗೆ. ಮನೆಯಲ್ಲಿ ಈಗಾಗಲೇ ಯಾವುದಿದೆಯೋ ಅದೇ.

ನಮ್ಮ ಹುಡುಗ ಸೆಕೆಂಡ್ ಹ್ಯಾಂಡ್ ಡಂಬ್ ಟ್ರೇನರು, ಒಂದು ಸೆನ್ಸರು ಎಂದು ತೀರ್ಮಾನಿಸಿದ. ಪರದೆಗೆ ಹಳೆಯ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವುದೆಂದೂ ಆಯಿತು. ಆದರೆ ಕಾಲೇಜು ಮುಗಿಸಿ ಬಂದು ಅವನು ತುಳಿಯುವ ಹೊತ್ತೂ ಅತ್ತೆಯ ಧಾರಾವಾಹಿಯ ಹೊತ್ತೂ ಒಂದೇ. ಅವಳು ಒಂದು ಕಂತನ್ನೂ ಬಿಡುವವಳಲ್ಲ. ಆದ್ದರಿಂದ ಅಂತಿಮವಾಗಿ ಆಯ್ಕೆಯಾದದ್ದು ಫೋನು.