ಕಳಿಸಿದ್ದೆಷ್ಟು, ಮುಟ್ಟಿದ್ದೆಷ್ಟು

ಹೊರದೇಶದಾಗಿರೋ ಮಕ್ಕಳು ಕಳಿಸೋ ರೊಕ್ಕ ಓಣಿ ಮಂದಿ ಕಣ್ಣಿಗೆ ಒಂದೇ ಲೆಕ್ಕ. "ಅವರ ಮಗ ತಿಂಗಳಿಗೆ ಐವತ್ತು ಸಾವಿರ ಕಳಿಸ್ತಾನಂತ" ಅಂದುಬಿಟ್ರ ಮುಗೀತು. ಆದ್ರ ಆ ರೊಕ್ಕಕ್ಕ ಮೂರು ಲೆಕ್ಕ ಅದಾವ. ಮಗ ಅಲ್ಲೆ ಕೌಂಟರಿನ್ಯಾಗ ಎಣಿಸಿ ಕೊಟ್ಟದ್ದು ಒಂದು. ಫೋನಿನ್ಯಾಗ ನಮಗ ಹೇಳೂದು ಇನ್ನೊಂದು. ನಮ್ಮ ಪಾಸ್‌ಬುಕ್ಕಿನ್ಯಾಗ ಬೀಳೂದು ಮತ್ತೊಂದು. ಮೂರೂ ಒಂದಕ್ಕೊಂದು ತಾಳೆ ಆಗೂದಿಲ್ಲ. ನಡುವ ತಿಂದವರು ಎಲ್ಲೋ ದೂರ ಇರ್ತಾರ, ಬೈಸಿಕೊಳ್ಳೋರು ಮನ್ಯಾಗಿನವರೇ ಆಗ್ತಾರ. ಅದಕ್ಕ ಇದನ್ನ ಬರೀಬೇಕು ಅನಿಸ್ತು.

ನಮ್ಮ ಹಿಂದಿನ ಓಣ್ಯಾಗ ಒಬ್ರು ಕಾಕು ಅದಾರ. ಅವರ ಮಗ ಶಾರ್ಜಾದಾಗ ಎ.ಸಿ. ರಿಪೇರಿ ಕೆಲಸ ಮಾಡ್ತಾನ. ತಿಂಗಳ ಮೊದಲನೇ ವಾರ 2000 ದಿರ್ಹಮ್ ಹೆಂಡ್ತಿ ಖಾತೆಗೆ ಹಾಕ್ತಾನ. ಮನಿ ಸಾಲದ ಕಂತು 14 ಸಾವಿರ ಅದೇ ಖಾತೆಯಿಂದ ಕಡದು ಹೋಗ್ತೈತಿ, ಅದಕ್ಕ ಸೊಸಿ ಹೆಸರ್ಲೆ ಇಟ್ಟಾರ. ಮಗ ಫೋನ್ ಹಚ್ಚಿ, "ಯವ್ವಾ, 49 ಸಾವಿರ ಹಾಕೀನಿ" ಅಂತ ಹೇಳಾಂವ. ಸೊಸಿ ಮೊಬೈಲಿಗೆ ಬಂದ ಮೆಸೇಜಿನ್ಯಾಗ 48,200. ಮುಂದಿನ ತಿಂಗಳೂ ಹಂಗ, ಅದರ ಮುಂದಿನ ತಿಂಗಳೂ ಹಂಗ. ಒಂದ್ಸಲ ಏಳ್ನೂರು ಕಮ್ಮಿ, ಒಂದ್ಸಲ ಎಂಟ್ನೂರು ಕಮ್ಮಿ.

ಕಾಕು ಬಾಯಿ ಬಿಟ್ಟು ಕಳವು ಅನ್ನಲಿಲ್ಲ. ಆದ್ರ ಕಟ್ಟಿಮ್ಯಾಲೆ ಕುಂತಾಗ, "ರೊಕ್ಕಕ್ಕ ಕಾಲು ಬಂದಾವ, ತವರಮನಿ ಹಾದಿ ಹಿಡದಾವ" ಅಂತ ಯಾರಿಗೋ ಅಂದಂಗ ಅಂದ್ರು. ಆ ಮಾತು ಸೊಸಿ ಕಿವಿಗೆ ಬಿತ್ತು. ಆ ವರ್ಷ ಪಂಚಮಿಗೆ ಅಣ್ಣ ಕರೀಲಿಕ್ಕೆ ಬಂದ್ರೂ ಆ ಹುಡುಗಿ ತವರಿಗೆ ಹೋಗಲಿಲ್ಲ. "ಹೋದ್ರ, ಉಂಡಿ ಡಬ್ಬ್ಯಾಗ ರೊಕ್ಕಾ ಇಟ್ಟುಕೊಂಡು ಹೋದ್ಳು ಅಂತಾರ ಅಕ್ಕಾರ" ಅಂತ ನನ್ನ ಮುಂದ ಅತ್ಳು. ಲಗ್ನಾದ ಹೆಣ್ಮಗಳು ಪಂಚಮಿಗೆ ಜೋಕಾಲಿ ಆಡಲಿಕ್ಕೆ ತವರಿಗೆ ಹೋಗದಂಗ ಆತಂದ್ರ ಅದು ಸಣ್ಣ ಮಾತಲ್ಲ. ಎಂಟ್ನೂರು ರೂಪಾಯಿ ಅಷ್ಟು ದೂರ ಮುಟ್ಟಿತ್ತು.

ನಮ್ಮ ಮಹಿಳಾ ಸಂಘದ ಲೆಕ್ಕದ ಪುಸ್ತಕ ನಾ ಬರೀತೀನಿ. ಅದಕ್ಕ ಆಕಿ ನನ್ನ ಕಡೆ ಬಂದಿದ್ಳು. ನಾ ಅಂದೆ, "ಗಂಡಗ ಹೇಳಿ ರಸೀದಿ ಫೋಟೋ ತರಸ್ಕೋ. ಫೋನಿನ್ಯಾಗ ಹೇಳಿದ್ದು ಬ್ಯಾಡ, ಕಾಗದ ಬೇಕು." ಸಂಜಿಮುಂದ ವಾಟ್ಸಾಪಿಗೆ ಫೋಟೋ ಬಂತು. ಇಬ್ರೂ ಅಡಗಿಮನ್ಯಾಗ ಕುಂತು ಅದನ್ನ ಬಿಡಿಸಿದ್ವಿ.

ರಸೀದ್ಯಾಗ ಇದ್ದದ್ದು ಇಷ್ಟ. ಕಳಿಸೋ ಮೊತ್ತ 2000 ದಿರ್ಹಮ್. ಕಳಿಸೋ ಶುಲ್ಕ 20 ದಿರ್ಹಮ್. ಶುಲ್ಕದ ಮ್ಯಾಲೆ ಅಲ್ಲಿ ಸರ್ಕಾರದ 5 ಪರ್ಸೆಂಟ್ ವ್ಯಾಟ್, 1 ದಿರ್ಹಮ್. ಅಂದ್ರ ಅಂವ ಕೈಯಿಂದ ಕೊಟ್ಟದ್ದು 2021 ದಿರ್ಹಮ್. ಕೆಳಗ ಸಣ್ಣ ಅಕ್ಷರದಾಗ ಧಾರಣಿ: ಒಂದು ದಿರ್ಹಮ್‌ಗೆ 24 ರೂಪಾಯಿ 10 ಪೈಸೆ. ಗುಣಿಸಿದ್ರ ಸರಿಯಾಗಿ 48,200. ಬ್ಯಾಂಕಿಗೆ ಬಂದದ್ದೂ ಅಷ್ಟ. ಸೊಸಿ ಕೈಯಾಗ ಒಂದು ಪೈಸೆನೂ ಸವೆದಿರಲಿಲ್ಲ.

ಮತ್ತ 49 ಸಾವಿರ ಎಲ್ಲಿಂದ ಬಂತು? ಮಗ ಗೂಗಲ್‌ನ್ಯಾಗ ಅವತ್ತಿನ ಧಾರಣಿ ನೋಡ್ತಿದ್ದ. ಅಲ್ಲೆ 24 ರೂಪಾಯಿ 50 ಪೈಸೆ ಇತ್ತು. ಅದನ್ನ 2000ಕ್ಕ ಗುಣಿಸಿ ಅವ್ವಗ ಹೇಳ್ತಿದ್ದ. ಅಂವನೂ ಸುಳ್ಳು ಹೇಳಲಿಲ್ಲ, ಸೊಸಿನೂ ಸುಳ್ಳು ಹೇಳಲಿಲ್ಲ. ನಡುವಿನ 40 ಪೈಸೆ ಆ ಅಂಗಡಿಯವರ ಪಾಲು. ಆ 800 ರೂಪಾಯಿಗೆ ರಸೀದ್ಯಾಗ ಒಂದು ಸಾಲೂ ಇಲ್ಲ, ಇಷ್ಟು ತುಗೊಂಡೀವಿ ಅಂತ ಎಲ್ಲೂ ಬರದಿಲ್ಲ. ಅಂಗಡಿ ಮುಂದ ಮಾತ್ರ "ಅತಿ ಕಡಿಮೆ ಶುಲ್ಕ" ಅಂತ ಬೋರ್ಡು.

ನಮಗ ಇದು ಹೊಸಾದಲ್ಲ ಬಿಡ್ರಿ. ಬಂಗಾರದ ಅಂಗಡ್ಯಾಗ "ಮಜೂರಿ ಇಲ್ಲ" ಅಂತ ದೊಡ್ಡ ಅಕ್ಷರದಾಗ ಬರೀತಾರ. ಒಳಗ ಹೋಗಿ ಬಿಲ್ ನೋಡಿದ್ರ ವೇಸ್ಟೇಜ್ ಅಂತ ಇನ್ನೊಂದು ಸಾಲಿನ್ಯಾಗ ಅದನ್ನ ಹಿಡದಿರ್ತಾರ. ರೊಕ್ಕ ಕಳಿಸೋದ್ರಾಗ "ಶುಲ್ಕ ಸೊನ್ನೆ" ಅನ್ನೂದೂ ಇದೇ ಜಾತಿ. ಶುಲ್ಕ ಸೊನ್ನೆ ಮಾಡಿ ಧಾರಣಿ ಇಳಸ್ತಾರ. 20 ದಿರ್ಹಮ್ ಶುಲ್ಕ ತುಗೊಂಡು ಛಲೋ ಧಾರಣಿ ಕೊಡಾಂವ ಒಮ್ಮೊಮ್ಮೆ ಸೊನ್ನೆ ಶುಲ್ಕದಾಂವಗಿಂತ ಸೋವಿ ಬೀಳ್ತಾನ. ಬಂಗಾರ ತುಗೊಳ್ಳುವಾಗ ಕೊನಿಗೆ ಕೈಯಿಂದ ಎಷ್ಟು ಹೋತು, ಎಷ್ಟು ಗ್ರಾಂ ಬಂತು ಅಂತ ನೋಡ್ತೀವಲ್ಲ, ಇಲ್ಲೂ ಅಷ್ಟ ನೋಡಬೇಕು.

ಎರಡೂ ಕೂಡಿಸಿ ನೋಡ್ರಿ. ಧಾರಣ್ಯಾಗ ಹೋದದ್ದು 800. ಶುಲ್ಕ, ವ್ಯಾಟ್ 21 ದಿರ್ಹಮ್, ಅಂದ್ರ 514 ರೂಪಾಯಿ. ತಿಂಗಳಿಗೆ 1,314. ವರ್ಷಕ್ಕ 15,768. ಅವರ ಮನಿ ಸಾಲದ ಒಂದು ಕಂತಿಗಿಂತ ಹೆಚ್ಚಾತು. ಬಿಸಲಾಗ ನಿಂತು ದುಡದ ಒಂದು ಕಂತು ಪ್ರತಿ ವರ್ಷ ದಾರ್ಯಾಗ ಉದುರಿ ಹೋಗೂದು.

ವಿಶ್ವಬ್ಯಾಂಕಿನವರು ಇದರ ಲೆಕ್ಕ ಇಡ್ತಾರ. ಅವರೂ ಬರೇ ಶುಲ್ಕ ಹಿಡಿಯೂದಿಲ್ಲ, ಧಾರಣ್ಯಾಗಿನ ಕಡತಾನೂ ಕೂಡಿಸ್ತಾರ. ಈ ಕೆಲವು ವರ್ಷದಾಗ 200 ಡಾಲರ್ ಕಳಿಸಲಿಕ್ಕೆ ಜಗತ್ತಿನ ಸರಾಸರಿ ಖರ್ಚು ನೂರಕ್ಕ 6ರ ಆಸುಪಾಸು ಐತಿ. 2030ರೊಳಗ ಇದನ್ನ ನೂರಕ್ಕ 3ಕ್ಕಿಂತ ಕೆಳಗ ತರಬೇಕು ಅಂತ ವಿಶ್ವಸಂಸ್ಥೆ ಗುರಿ ಇಟ್ಟೈತಿ. ಹಿಂಗ ಮನಿಗೆ ರೊಕ್ಕ ಬರೂದ್ರಾಗ ಜಗತ್ತಿನ್ಯಾಗ ನಮ್ಮ ದೇಶನೇ ಮೊದಲನೇದು, 2022ರಿಂದ ವರ್ಷಕ್ಕ 10 ಸಾವಿರ ಕೋಟಿ ಡಾಲರ್‌ಗಿಂತ ಹೆಚ್ಚು. ಅದ್ರಾಗ ನೂರಕ್ಕ ಒಂದು ರೂಪಾಯಿ ಉಳದ್ರೂ ಎಷ್ಟು ಮನಿ ಕಂತು ಆದೀತು!

ಗಲ್ಫಿನ್ಯಾಗ ಮಕ್ಕಳು ಇರೋ ತಾಯಂದ್ರಿಗೆ ಒಂದು ಸರಳ ಲೆಕ್ಕ ಹೇಳ್ತೀನಿ. ದುಬೈ, ಶಾರ್ಜಾದ ದಿರ್ಹಮ್ 1997ರಿಂದ ಡಾಲರಿಗೆ ಕಟ್ಟಿಹಾಕಿದ್ದು: ಒಂದು ಡಾಲರಿಗೆ 3.6725 ದಿರ್ಹಮ್. ಸೌದಿ ರಿಯಾಲ್ 3.75, ಕತಾರ್ ರಿಯಾಲ್ 3.64. ಹಂಗಾಗಿ ಪೇಪರಿನ್ಯಾಗ ಡಾಲರಿನ ಧಾರಣಿ ನೋಡಿದ್ರ ಸಾಕು. ಡಾಲರಿಗೆ 90 ರೂಪಾಯಿ ಅಂತ ಹಿಡೀರಿ. 90ನ್ನ 3.6725ರಿಂದ ಭಾಗಿಸಿದ್ರ ದಿರ್ಹಮ್ 24 ರೂಪಾಯಿ 50 ಪೈಸೆ. 3.75ರಿಂದ ಭಾಗಿಸಿದ್ರ ಸೌದಿ ರಿಯಾಲ್ 24 ರೂಪಾಯಿ. ಮೊಬೈಲ್ ಕ್ಯಾಲ್ಕುಲೇಟರ್ ಇದ್ರ ಚಹಾ ಕುದಿಯೂದ್ರಾಗ ಆಗೋ ಲೆಕ್ಕ. ಕುವೈತಿನ ದಿನಾರಿಗೆ ಈ ಲೆಕ್ಕ ನಡಿಯೂದಿಲ್ಲ, ಅದನ್ನ ಬರೇ ಡಾಲರಿಗೆ ಕಟ್ಟಿಲ್ಲ. ಪೂರಾ ಈ ಧಾರಣಿ ಯಾರೂ ಕೊಡೂದಿಲ್ಲ, ಅವರೂ ಅಂಗಡಿ ನಡಸಬೇಕು. ಆದ್ರ ಐದ್ಹತ್ತು ಪೈಸೆ ಹಿಡಿಯೂದು ಬ್ಯಾರೆ, ನಲವತ್ತು ಪೈಸೆ ಹಿಡಿಯೂದು ಬ್ಯಾರೆ.

ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸೋರದ್ದು ಇನ್ನೊಂದು ಕಥಿ. ನನ್ನ ತಂಗಿ ಮಗಳು ಇಂಗ್ಲೆಂಡಿನ್ಯಾಗ ನರ್ಸ್. ಅಪ್ಪನ ಮೊಣಕಾಲು ಆಪರೇಷನ್ನಿಗೆ 1000 ಪೌಂಡ್ ಕಳಿಸಿದ್ಳು. ಇಲ್ಲಿ ಮುಟ್ಟಿದ್ದು 983. ಸ್ವಿಫ್ಟ್ ಅಂತಾರಲ್ಲ, ಅದರ ಮುಖ್ಯ ಕಚೇರಿ ಬೆಲ್ಜಿಯಂನ್ಯಾಗ ಐತಿ. ಅದು ರೊಕ್ಕ ಹೊತ್ಕೊಂಡು ಹೋಗೂದಿಲ್ಲ, ಬ್ಯಾಂಕಿನಿಂದ ಬ್ಯಾಂಕಿಗೆ ಬರೇ ಸಂದೇಶ ಮುಟ್ಟಸ್ತೈತಿ. ಎರಡು ಬ್ಯಾಂಕಿಗೆ ನೇರ ವ್ಯವಹಾರ ಇಲ್ಲದಿದ್ರ ನಡುವ ಮತ್ತೊಂದು ಬ್ಯಾಂಕ್ ಬರ್ತೈತಿ, ಅದು ತನ್ನ ಪಾಲು ಮುರಕೊಂಡು ಉಳದದ್ದು ಮುಂದ ಕಳಿಸ್ತೈತಿ. ಫಾರ್ಮಿನ್ಯಾಗ ಇದಕ್ಕ ಮೂರು ಗುರುತು ಅದಾವ. 'ಅವರ್' ಅಂದ್ರ ಎಲ್ಲಾ ಖರ್ಚು ಕಳಿಸೋರದ್ದು. 'ಬೆನ್' ಅಂದ್ರ ಎಲ್ಲಾ ತುಗೊಳ್ಳೋರದ್ದು. 'ಶಾ' ಅಂದ್ರ ಇಬ್ರೂ ಹಂಚಿಕೊಳ್ಳೂದು. ತಂಗಿ ಮಗಳ ಫಾರ್ಮಿನ್ಯಾಗ 'ಶಾ' ಇತ್ತು.

ಇಲ್ಲಿ ಬಂದಮ್ಯಾಲೂ ಮುಗಿಯೂದಿಲ್ಲ. ಪೌಂಡ್ ಆಗೇ ಬಂದದ್ದನ್ನ ನಮ್ಮ ಬ್ಯಾಂಕು ತನ್ನ ಟಿಟಿ ಬೈಯಿಂಗ್ ರೇಟಿನ್ಯಾಗ ರೂಪಾಯಿ ಮಾಡ್ತೈತಿ. ಆ ಬದಲಾವಣೆಗೆ ಜಿ.ಎಸ್.ಟಿ. ಐತಿ: ಒಂದು ಲಕ್ಷಕ್ಕ 180 ರೂಪಾಯಿ, ಎಷ್ಟು ಸಣ್ಣ ಮೊತ್ತ ಇದ್ರೂ 45 ರೂಪಾಯಿ. ಅದರ ಮ್ಯಾಲೆ ಕೆಲವು ಬ್ಯಾಂಕು ತಮ್ಮದೂ ಒಂದು ಚಾರ್ಜ್ ಹಾಕ್ತಾವ. ಎಲ್ಲಾ ಕಳದು ದವಾಖಾನಿ ಅಡ್ವಾನ್ಸಿಗೆ ಕಮ್ಮಿ ಬಿತ್ತು. ತಂಗಿ ಬಾಜೂಕಿನ ಪೇಶೆಂಟ್ ಕಡೆಯವರ ಹತ್ರ ಕೈಗಡ ತುಗೊಂಡು ಕಟ್ಟಿದ್ಳು. "ಮಗಳಿಗೆ ಹೇಳಿದ್ಯಾ?" ಅಂದ್ರ, "ಯಾಕ ಹೇಳ್ಲಿ ಅಕ್ಕಾ, ಅಲ್ಲೆ ರಾತ್ರಿ ಪಾಳಿ ಮಾಡಿ ಕಳಿಸ್ಯಾಳ" ಅಂದ್ಳು. ನಾ ಹೇಳಿಸಿದೆ. ಹೇಳದಿದ್ರ ಆ ಹುಡುಗಿ ಮುಂದಿನ ಸಲನೂ 'ಶಾ' ಅಂತನೇ ಬರೀತಾಳ. ಈಗ ಆಕಿ ಬ್ಯಾರೆ ದಾರ್ಲೆ ಕಳಿಸ್ತಾಳ. ಅಲ್ಲೇ ಪೌಂಡನ್ನ ರೂಪಾಯಿ ಮಾಡ್ತಾರ, ಇಲ್ಲೆ ಎಷ್ಟು ರೂಪಾಯಿ ಮುಟ್ಟತೈತಿ ಅಂತ ಒತ್ತೂಕಿಂತ ಮೊದಲೇ ತೋರಸ್ತೈತಿ, ಅಷ್ಟೇ ಬರ್ತೈತಿ.

ಇನ್ನೂ ಕೆಲವು ಮಾತು ಹೇಳಿಬಿಡ್ತೀನಿ.

ಆ್ಯಪಿನವರು ಮೊದಲನೇ ಸಲ ಭಾಳ ಛಲೋ ಧಾರಣಿ ಕೊಡ್ತಾರ. ಅದು ಹೊಸ ಗಿರಾಕಿಗೆ ಹಾಕೋ ಬೆಲ್ಲ. ಎರಡನೇ ಸಲದಿಂದ ಧಾರಣಿ ಇಳೀತೈತಿ. ಹಂಗಾಗಿ ಪ್ರತಿ ಸಲ ಎರಡ್ಮೂರು ಕಡೆ ನೋಡಿ ಕಳಿಸ್ರಿ ಅಂತ ಮಕ್ಕಳಿಗೆ ಹೇಳ್ರಿ.

ಶುಲ್ಕ ಪ್ರತಿ ಸಲಕ್ಕ ಇಷ್ಟು ಅಂತ ಇದ್ರ ತುಣುಕು ತುಣುಕಾಗಿ ಕಳಿಸೂದು ಬ್ಯಾಡ. 500 ದಿರ್ಹಮ್‌ನಂಗ ನಾಕು ಸಲ ಕಳಿಸಿದ್ರ 21ರ ಬದ್ಲಿ 84 ದಿರ್ಹಮ್ ಹೋಗ್ತೈತಿ. ಕಿರಾಣಿ, ಹಾಲಿನ ಬಿಲ್, ಮಕ್ಕಳ ಫೀ ಎಲ್ಲಾ ಸೇರ್ಸಿ ಬೇಕಾದ್ದನ್ನ ನಾವೇ ಮೊದಲು ಹೇಳಿದ್ರ ಅವರು ಒಮ್ಮೆ ಕಳಿಸ್ತಾರ.

ಖಾತೆ ಬಿಟ್ಟು ಅಂಗಡ್ಯಾಗ ನಗದು ತುಗೊಳ್ಳೋರಿಗೆ ಮಿತಿ ಅದಾವ. ಒಂದು ಸಲಕ್ಕ 2500 ಡಾಲರಿಗಿಂತ ಹೆಚ್ಚು ಬರಂಗಿಲ್ಲ, ವರ್ಷಕ್ಕ 30 ಸಲ ಮಾತ್ರ. ಕೈಯಾಗ ನಗದು ಕೊಡೂದು 50 ಸಾವಿರದ ತನಕ, ಅದರ ಮ್ಯಾಲಿಂದು ಚೆಕ್ಕಿಗೆ ಇಲ್ಲಾ ಖಾತೆಗೆ.

ಟ್ಯಾಕ್ಸ್ ಬರ್ತೈತಿ ಅಂತ ಹೆದರಿ ಕೆಲವರು ರೊಕ್ಕಾನ ಬ್ಯಾರೆಯವರ ಹೆಸರಿಗೆ ತರಸ್ತಾರ. ಮಗ, ಮಗಳು, ಗಂಡ ಕಳಿಸಿದ ರೊಕ್ಕಕ್ಕ ತುಗೊಂಡವರು ಇನ್‌ಕಮ್ ಟ್ಯಾಕ್ಸ್ ಕಟ್ಟೂದಿಲ್ಲ, ಎಷ್ಟೇ ಇರಲಿ. ಮಕ್ಕಳು ಕಳಿಸಿದ್ದನ್ನ ಡಿಪಾಸಿಟ್ ಇಟ್ಟು ಬಂದ ಬಡ್ಡಿ ಮಾತ್ರ ನಮ್ಮ ಆದಾಯ ಆಗ್ತೈತಿ.

ಇನ್ನ ಹುಂಡಿ. "ನಿಮ್ಮ ಮಗ ಅಲ್ಲೆ ನಮ್ಮ ಮನಷಾಗ ಕೊಡ್ಲಿ, ನಾವು ಇಲ್ಲೆ ಮನಿ ಬಾಗಲಿಗೇ ತಂದು ಕೊಡ್ತೀವಿ, ಧಾರಣಿನೂ ಜಾಸ್ತಿ" ಅಂತ ಬರ್ತಾರ. ಕೇಳಲಿಕ್ಕೆ ಛಲೋ ಅನಿಸ್ತೈತಿ. ಆದ್ರ ಅದು 1999ರ ಫೆಮಾ ಕಾಯ್ದೆಗೆ ವಿರುದ್ಧ. ರಸೀದಿ ಇಲ್ಲ, ಮುಳುಗಿದ್ರ ಕೇಳೋ ಜಾಗಾ ಇಲ್ಲ. ಅವರು ಖಾತೆಗೆ ಹಾಕ್ತೀವಿ ಅಂದ್ರೂ ಬ್ಯಾಡ. ಅದು ಯಾರದೋ ಮೋಸದ ರೊಕ್ಕ ಆಗಿದ್ರ ಪೊಲೀಸರು ನಮ್ಮ ಖಾತೆನೇ ತಡೆ ಹಿಡಿಸಬಹುದು. ಕಂತು ನಿಂತು, ಠಾಣೆಗೆ ಅಲೆಯೂದು ಮನಿ ಹೆಣ್ಮಕ್ಕಳ ಪಾಲಿಗೆ ಬರ್ತೈತಿ.

ಕಾಕು ಮನಿ ವಿಷಯ. ನಾನೂ ಸೊಸಿನೂ ರಸೀದಿ ಹಿಡಕೊಂಡು ಹೋಗಿ ಲೆಕ್ಕ ತೋರಿಸಿದ್ವಿ. ಕಾಕು ಕಣ್ಣಿಗೆ ಚಾಳೀಸು ಏರಿಸಿ ಎರಡು ಸಲ ಗುಣಿಸಿ ನೋಡಿದ್ರು. ತಪ್ಪಾತು ಅಂತ ಅನ್ನಲಿಲ್ಲ. "ಹಂಗಾರ ಆ ಅಂಗಡಿ ಹಾಟ್ಯಾನ ಮಗಗ ಬೈಬೇಕು" ಅಂತಷ್ಟ ಅಂದು ಒಳಗ ಹೋದ್ರು. ಸೊಸಿ ಮುಖ ಸಣ್ಣ ಮಾಡ್ಕೊಂಡು ನಿಂತಿತ್ತು. ನಾ ಏನೂ ಅನ್ನಲಿಲ್ಲ, ಅದು ಅವರ ಮನಿ. ಆದ್ರ ಮುಂದಿನ ಸಂತಿಗೆ ಹೊಂಟಾಗ ಕಾಕು ಚೀಲಾ ಸೊಸಿ ಕೈಗೆ ಕೊಟ್ಟು, "ನೀನೂ ಬಾ, ತವರಿಗೆ ಏನಾರ ಒಯ್ಯೂದಿದ್ರ ಇಲ್ಲೆ ತುಗೊಂಡುಬಿಡು" ಅಂದ್ರಂತ. ದಸರಾಕ್ಕ ಹುಡುಗಿ ತವರಿಗೆ ಹೋಗಿ ನಾಕು ದಿನ ಇದ್ದು ಬಂದ್ಳು. ಮಗ ಅಲ್ಲೆ ನಾಕು ಅಂಗಡಿ ಕೇಳಿ, ದಿರ್ಹಮ್ಮಿಗೆ 12 ಪೈಸೆ ಮಾತ್ರ ಹಿಡಿಯೋ ಕಡೆ ಬದಲಿ ಮಾಡ್ಯಾನ. ಅಲ್ಲೆ ಹಿಡಿಯೂದು 240 ರೂಪಾಯಿ, ಹಿಂದಿನ 800ರ ಬದ್ಲಿ.

ನಿಮ್ಮ ಮನ್ಯಾಗೂ ಯಾರರ ಹೊರಗಿಂದ ಕಳಿಸ್ತಿದ್ರ ಒಂದು ನೋಟಬುಕ್ ಇಡ್ರಿ. ನಾಕು ಗೆರಿ ಎಳೀರಿ: ತಾರೀಖು, ಅಲ್ಲೆ ಕೈಯಿಂದ ಕೊಟ್ಟದ್ದು, ರಸೀದ್ಯಾಗಿನ ಧಾರಣಿ, ಇಲ್ಲೆ ಮುಟ್ಟಿದ್ದು. ಫೋನಿನ್ಯಾಗ ಹೇಳಿದ ಮೊತ್ತ ಅದ್ರಾಗ ಬರಿಯೂದು ಬ್ಯಾಡ. ರಸೀದಿ ಫೋಟೋ ಅತ್ತಿಗೂ ಸೊಸಿಗೂ ಇಬ್ರಿಗೂ ಕಳಿಸು ಅಂತ ಮಗಗ ಹೇಳ್ರಿ. ಮೊಬೈಲ್ ಓದಲಿಕ್ಕೆ ಬರದ ಹಿರ್ಯಾರಿದ್ರ ಯಾರರ ಓದಿ ಹೇಳ್ರಿ, ಇಲ್ಲಾ ನನ್ನ ಹತ್ರ ಬರ್ರಿ. ಮಧ್ಯಾಹ್ನ ಮೂರರ ಮ್ಯಾಲೆ ನಾ ಮನ್ಯಾಗೇ ಇರ್ತೀನಿ.