ಅಟ್ಟದ ಹಲಗೆಯ ಬಿಲ್ಲು

ಯಲಹಂಕದ ಹಳೇ ಪೇಟೆಯಲ್ಲಿ ಮನೆ ಕೆಡವುತ್ತಾರೆ ಅಂದರೆ ಹಳೇ ಮರದ ವ್ಯಾಪಾರಿಗಳು ಬೆಳಗಾಗುವಷ್ಟರಲ್ಲಿ ಹಾಜರ್. ಬಾಗಿಲು, ಕಂಬ, ತೊಲೆಗಳಿಗೆ ಚೌಕಾಸಿ ಜೋರು. ಅಟ್ಟಕ್ಕೆ ಹಾಸಿದ್ದ ಹಲಗೆಗೆ ಮಾತ್ರ ಮೊದಲೆಲ್ಲ ಸೌದೆ ರೇಟು. ಮೊಳೆತೂತು ಬಿದ್ದದ್ದನ್ನು ಯಾರು ಕೇಳುತ್ತಿದ್ದರು? 2008ರ ಮೇನಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಆಸುಪಾಸು, ಬಳ್ಳಾರಿ ರಸ್ತೆ ಅಗಲವಾದಂತೆಲ್ಲ ಇಂಥ ಹಲಗೆ ರಾಶಿ ಬಿತ್ತು. ನಮ್ಮ ಆರ್.ಟಿ. ನಗರದ ಬಡಗಿಯೊಬ್ಬರು ಹುಡುಗರಿಗೆ ಬಿಲ್ಲು ಮಾಡಿಕೊಡಲು ಆರಿಸುತ್ತಿದ್ದದ್ದು ಅದರಲ್ಲೇ.

ತೇಗ ಸಿಕ್ಕರೆ ಪಕ್ಕಕ್ಕಿಡುತ್ತಿದ್ದರು. "ಗೆದ್ದಲಿಗೆ ಜಗ್ಗಲ್ಲ ಸ್ವಾಮಿ, ಆದ್ರೆ ಬಗ್ಸಿದ್ರೆ ಚಟ್ ಅನ್ನುತ್ತೆ." ಅವರ ಕಣ್ಣು ತಡಸಲಿನ ಮೇಲೆ. ಗಾಡಿ ಮೂಕಿಗೂ ಕೊಡಲಿ ಕಾವಿಗೂ ಹೇಳಿಮಾಡಿಸಿದ ಮರ ಅದು. ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಯಾವ ಮರವೇ ಆಗಲಿ, ನಾರಿನ ಗೆರೆ ಈ ತುದಿಯಿಂದ ಆ ತುದಿಗೆ ಓಡಿರಬೇಕು. ನಡುವೆ ಅಂಚಿಗೆ ಜಾರಿತೋ, ಬಿಲ್ಲು ಅಲ್ಲೇ ಮುರಿಯುತ್ತದೆ. ಮೊಳೆತೂತು ತಪ್ಪಿಸಿ ಸೀಳಿ, ತೋಪಡ ಹೊಡೆದು, ಬೆನ್ನಿಗೆ ಬಿದಿರಿನ ಸಿಪ್ಪೆಪಟ್ಟಿ ಅಂಟಿಸುತ್ತಿದ್ದರು. ಬಿಲ್ಲು ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಅಮುಕಿಕೊಳ್ಳುತ್ತದೆ. ಹಿಗ್ಗುವ ಕಡೆ ಬಿದಿರಿನ ಹೊರಮೈಯಷ್ಟು ಗಟ್ಟಿ ಬೇರೆ ಬೇಕಿಲ್ಲ. ಕ್ಲ್ಯಾಂಪ್ ಎಲ್ಲಿಂದ ಬರಬೇಕು, ಹಳೇ ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತುತ್ತಿದ್ದರು. ಆಮೇಲಿನದೇ ನಿಧಾನದ ಕೆಲಸ: ಗೋಡೆಯ ಗೂಟಕ್ಕೆ ಬಿಲ್ಲು ತೂಗುಹಾಕಿ, ಹೆದೆ ಜಗ್ಗಿ, ಯಾವ ಕಡೆ ಕಡಿಮೆ ಬಾಗುತ್ತದೋ ಅಲ್ಲಿ ಮಾತ್ರ ಕೆರೆಯುವುದು. ನೋಡುವುದು ಹೆಚ್ಚು, ಕೆರೆಯುವುದು ಕಡಿಮೆ.

ಈಗ ಅಟ್ಟದ ಹಲಗೆ ಸೌದೆಯಲ್ಲ. ಹೋಟೆಲ್ ಗೋಡೆಗೆ ಬಡಿಯಲು ಚದರಡಿ ಲೆಕ್ಕದಲ್ಲಿ ಹೋಗುತ್ತದೆ. ಹೆಬ್ಬಾಳದ ಅಪಾರ್ಟ್‌ಮೆಂಟ್‌ಗಳಲ್ಲಿ ಕಿತ್ತು ಬಿಸಾಡುವ ಲ್ಯಾಮಿನೇಟ್ ನೆಲವೋ, ಮರದ ಫೋಟೋ ಅಂಟಿಸಿದ ಒತ್ತುಪುಡಿ. ನಾರೇ ಇಲ್ಲದ್ದು ಬಾಗುವುದೆಲ್ಲಿ?

ಬಿದಿರಿನ ನೆಲಹಾಸಿನ ಮಾತು ಬೇರೆ. ಬಿದಿರನ್ನು ಅಂಟಿನಲ್ಲಿ ಒತ್ತಿ ಹಲಗೆ ಮಾಡುವ ಕೆಲಸ ಯಶವಂತಪುರದ ಕಡೆಗೆ ಹೊಸದೇನಲ್ಲ. ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆ ಬಿದಿರು ಚಾಪೆಯ ಬೋರ್ಡಿಗೇ ಹೆಸರಾಗಿತ್ತು. ಉದ್ದುದ್ದ ಪಟ್ಟಿ ಜೋಡಿಸಿದ ನೆಲಹಾಸು, ನನ್ನ ಕೇಳಿದರೆ, ಹಳೇ ಹಲಗೆಗಿಂತ ವಾಸಿ: ಗಂಟಿಲ್ಲ, ಮೊಳೆಯಿಲ್ಲ, ನಾರು ನೇರ. ಸಿಗುವುದು ಮಾತ್ರ ಮೋಟು ತುಂಡು. ಬಡಗಿಯ ಮಗ ಎರಡು ತುಂಡನ್ನು ಹಿಡಿಯ ಹತ್ತಿರ ಮೀನುಬಾಲದ ಹಾಗೆ ಕೊರೆದು ಕೂಡಿಸುತ್ತಾನೆ. ಹಿಡಿ ಬಾಗುವುದಿಲ್ಲವಲ್ಲ, ಬೆಸುಗೆ ಬಿಡುವುದಿಲ್ಲ. 30 ಮತ್ತು 50 ಮೀಟರಿನ ಇಂಡಿಯನ್ ರೌಂಡ್ ಸ್ಪರ್ಧೆಗೆ ಇವತ್ತಿಗೂ ಮರದ, ಬಿದಿರಿನ ಬಿಲ್ಲೇ ಆದ್ದರಿಂದ ಕೇಳಿಕೊಂಡು ಬರುವ ಹುಡುಗರು ಕಡಿಮೆಯಾಗಿಲ್ಲ. ಬರುವಾಗ ತುಂಡುಗಳನ್ನು ಅವರೇ ಹೊತ್ತು ತರುತ್ತಾರೆ.